ಬದನೆಬಣ್ಣದ ಸೀರೆಗೆ ಬಿಟ್ಟ ಜಾಹೀರಾತು

ವ್ಯಾಪಾರ ಕುಂತಾಗ ಮನುಷ್ಯ ದೇವರನ್ನು ನೆನೆಯುತ್ತಾನೆ. ಈಗೀಗ ಮೊಬೈಲನ್ನೂ ಹಿಡಿಯುತ್ತಾನೆ. ಎರಡನ್ನೂ ಕೂಡಿಸಿದರೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ.

ಗಡಹಿಂಗ್ಲಜದಲ್ಲಿ ನನ್ನದು ಸೀರೆ ಅಂಗಡಿ. ಈ ವರ್ಷ ಪೇಟೆಯೇ ಥಂಡಾ. ಇಚಲಕರಂಜಿಯಿಂದ ತಂದ ಬದನೆಬಣ್ಣದ ಸೀರೆಗಳ ದೊಡ್ಡ ಗಂಟು ಕದಲಲಿಲ್ಲ. ಗಂಟು ಬಿಚ್ಚಿದ ದಿನವೇ ಹೆಂಡತಿ, "ಈ ಬದನಿಕಾಯಿ ಯಾರ ಉಡತಾರ್ರೀ? ಪುಕಟ ಕೊಟ್ಟರೂ ನಾ ಒಲ್ಲೆ" ಎಂದಿದ್ದಳು. ದಸರೆಯೊಳಗೆ ಅದು ಹೋಗದಿದ್ದರೆ ಅಂಗಡಿ ಮುಚ್ಚುವುದೆಂದು ಮನಸ್ಸು ಮಾಡಿದ್ದೆ. ಕೊಲ್ಲಾಪುರದಲ್ಲಿರುವ ಅಣ್ಣನ ಮಗಳು, "ಕಾಕಾ, ಸ್ವಲ್ಪ ರೊಕ್ಕ ಹಾಕಿ ಮೊಬೈಲ್‌ನ್ಯಾಗ ಜಾಹೀರಾತು ಬಿಡೂಣು" ಎಂದಳು. ಒಪ್ಪಿದೆ. ಹೆಂಡತಿಗೆ ಮಾತ್ರ ಹೇಳಲಿಲ್ಲ.

ದೇವರ ಫೋಟೋ

ಲಗ್ನಪತ್ರಿಕೆಯಾಗಲಿ, ಕ್ಯಾಲೆಂಡರಾಗಲಿ, ನಮ್ಮಲ್ಲಿ ಮೊದಲು ದೇವರು. ಜಾಹೀರಾತಿನಲ್ಲೂ ಮನೆದೇವರನ್ನೇ ದೊಡ್ಡದಾಗಿ ಹಾಕಿಸಿದೆ. ಸೀರೆಗೆ ಮೂಲೆಯಲ್ಲಿ ಜಾಗ ಸಿಕ್ಕಿತು. ಸಂಜೆಯೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಸೀರೆ ಕೇಳಿದವರಿಲ್ಲ. ಮರುದಿನ ದತ್ತವಾಡದಿಂದ ಒಂದು ಕುಟುಂಬ ಗಾಡಿ ಮಾಡಿಕೊಂಡು ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಬಂದ ಹಿರಿಯರು ಮೆಲ್ಲಗೆ ಕೇಳಿದರು: "ಪ್ರಸಾದ ಎಷ್ಟ ಗಂಟೇಕ್ಕ ಸುರು ಆಗತೈತ್ರಿ?"

ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಹೇಗೆ? ಖಾನಾವಳಿಯಿಂದ ಊಟ ತರಿಸಿದೆ. ಉಂಡವರು, "ವ್ಯವಸ್ಥಾ ಭಾಳ ಚಲೋ ಐತ್ರಿ" ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕಾಣಿಕೆ ಇಟ್ಟು ನಡೆದರು. ಆ ದಿನದ ವ್ಯಾಪಾರ ಅದೊಂದೇ.

ಬೋಣಿ

ಅಣ್ಣನ ಮಗಳು ದೇವರನ್ನು ತೆಗೆದಳು. ಗೆಳತಿಗೆ ಆ ಸೀರೆ ಉಡಿಸಿ, ಅಲ್ಲಿನ ರಂಕಾಳ ಕೆರೆಯ ದಂಡೆಯಲ್ಲಿ ಫೋಟೋ ಹೊಡೆದು, ಜಾಹೀರಾತಿನಲ್ಲಿ ಅಂಗಡಿಗೆ ನನ್ನ ನಾಲಿಗೆ ಹೊರಳದಂಥ ಹೊಸ ಹೆಸರಿಟ್ಟಳು. ನಾನು ದಿನಾ ಮುಂಜಾನೆ ಪೂಜೆ ಮುಗಿಸಿ, ಬೋಣಿ ಚಲೋ ಆಗಲೆಂದು ಆ ಜಾಹೀರಾತನ್ನು ಒತ್ತುತ್ತಿದ್ದೆ. ದಾನೋಳಿಯ ಬೀಗರಿಗೂ ಒತ್ತಲು ಹೇಳಿದ್ದೆ. ಪಾಪ, ಅವರು ಊಟಕ್ಕೆ ಮುಂಚೆಯೂ ಒತ್ತುತ್ತಿದ್ದರು.

ವಾರ ಕಳೆಯುವುದರೊಳಗೆ ಹುಡುಗಿಯ ಫೋನ್: "ಕಾಕಾ, ಒತ್ತಿದಾಗೊಮ್ಮೆ ನಮ್ಮ ರೊಕ್ಕಾನ ಹೋಗತೈತಿ!"

"ನಾ ಕೈ ಮುಗದ ಒತ್ತತೇನವಾ."

"ಕೈ ಮುಗದರೂ ಹೋಗತೈತ್ರಿ!"

ಗಿರಾಕಿ

ದಸರೆ ಹತ್ತಿರ ಬಂತು. ಅಂಗಡಿ ಮುಚ್ಚುವ ಮಾತನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಕುಳಿತಿದ್ದಾಗ ಹುಡುಗಿ ಮತ್ತೆ ಫೋನ್ ಮಾಡಿದಳು: "ಕಾಕಾ, ನಿಮ್ಮೂರಿಂದನ ಆರ್ಡರ್ ಬಂದೈತಿ! ಯಾವುದೋ ಭಜನಿ ಮಂಡಳಿಗೆ ಎಲ್ಲಾರಿಗೂ ಒಂದ ನಮೂನಿ ಸೀರಿ ಬೇಕಂತ. ಗಂಟಿಗೆ ಗಂಟ ತಗೊಂಡ ಮಠಕ್ಕ ಹೋಗ್ರಿ."

ದೇವರಿಗೆ ಕೈಮುಗಿದು, ಗಂಟನ್ನು ರಿಕ್ಷಾಕ್ಕೆ ಹಾಕಿಕೊಂಡು ಹೋದೆ. ಮಠದ ಪಡಸಾಲೆಯಲ್ಲಿ ಹೆಂಗಸರ ನಡುವೆ ತಾಳ ಹಿಡಿದು ಕುಳಿತವಳು ನನ್ನ ಹೆಂಡತಿ!

"ನೀವ್ಯಾಕ ಬಂದ್ರಿ? ಬಾಗಲಾ ಬಿಟ್ಟ ನಿಂದರ್ರಿ, ಮೊಬೈಲ್‌ನ್ಯಾಗ ನೋಡಿದ ಸೀರಿ ಅಂಗಡ್ಯಾವರು ಬರಾವರದಾರ. ಅವರ ಮಾಲ ನೋಡಿ ಕಲೀರಿ ಸ್ವಲ್ಪ."

ನಾನು ಗಂಟು ಬಿಚ್ಚಿದೆ. ಅವಳು ಸೀರೆ ನೋಡಿದಳು, ನನ್ನನ್ನು ನೋಡಿದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗತೊಡಗಿದರು. ಅವಳು ಮಾತ್ರ ಗಂಭೀರವಾಗಿ ಒಂದು ಸೀರೆ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಅಂದಳು:

"ನೋಡ್ರಿ, ನಾ ಆರಿಸಿದ ಮ್ಯಾಲ ನಿಮ್ಮ ಮಾಲ ಹೋತು!"