ಸೋದರಮಾವನ ತುಟಿ

ನಾಮಕರಣದ ದಿನ ಬೆಳಿಗ್ಗೆ ಶಿವರಾಮ್ ಹಲ್ಲುಜ್ಜಲು ಕನ್ನಡಿಯ ಮುಂದೆ ನಿಂತರೆ, ಮೇಲ್ದುಟಿಯ ಮೂಲೆಯಲ್ಲಿ ಬೆಂದ ಸಾಬಕ್ಕಿಯಂಥ ನಾಲ್ಕು ಗುಳ್ಳೆಗಳು ಒತ್ತೊತ್ತಾಗಿ ಕೂತಿದ್ದವು. ಬೇರೆ ದಿನವಾಗಿದ್ದರೆ ಬ್ಯಾಂಕಿಗೆ ರಜೆ ಹಾಕಲು ನೆಪ ಸಿಕ್ಕಿತೆಂದು ಹಿಗ್ಗುತ್ತಿದ್ದ. ಇವತ್ತು ಆ ತುಟಿಯಿಂದ ದೊಡ್ಡ ಕೆಲಸವೊಂದು ಆಗಬೇಕಿತ್ತು.

ತಂಗಿ ಕಲಾವತಿ ಬಾಣಂತನಕ್ಕೆ ಅಟ್ಟೂರಿನ ಇವನ ಮನೆಗೇ ಬಂದಿದ್ದಳು. ಹೆಣ್ಣು ಮಗು. ಗೌತಮಿ ಎಂದು ಹೆಸರಿಡಬೇಕೆಂದು ಅವಳ ಆಸೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿಯೂ ಆಗಿತ್ತು. ಆದರೆ ಗಂಡನ ಅಕ್ಕ ನಾಗಮಣಿ, ತೀರಿಹೋದ ತನ್ನ ತಾಯಿಯ ಹೆಸರೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಆ ಹೆಸರು ದ್ರೌಪದಮ್ಮ. ಮಗುವಿನ ತಂದೆ ಯೋಗಾನಂದ ಹೆಂಡತಿಗೂ ಅಕ್ಕನಿಗೂ ಹೂಂ ಹೂಂ ಎಂದು ತಲೆಯಾಡಿಸಿ, ಕೊನೆಗೆ ಪುರೋಹಿತರ ಮೊರೆ ಹೋದ. ಮಗುವಿನ ಕಿವಿಯಲ್ಲಿ ಮೂರು ಸಲ ಏನು ಹೇಳುತ್ತಾರೋ ಅದೇ ಹೆಸರು, ಹೇಳುವ ಹಕ್ಕು ಮೊದಲು ಸೋದರಮಾವನದು, ಆಮೇಲೆ ಸೋದರತ್ತೆಯದು ಎಂದು ಅವರು ತೀರ್ಪು ಕೊಟ್ಟರು.

"ಅಣ್ಣ, ಸ್ಕೂಲಲ್ಲಿ ಹಾಜರಿ ಕೂಗುವಾಗ ನನ್ನ ಮಗಳು ಅಳ್ಬಾರ್ದು. ಎಲ್ಲಾ ನಿನ್ನ ಕೈಲಿದೆ," ಎಂದಿದ್ದಳು ಕಲಾವತಿ.

ಶಿವರಾಮ್ ಮೆಡಿಕಲ್ ಶಾಪಿಗೆ ಓಡಿದ. ಅಂಗಡಿಯ ಜಾಫರ್ ಗುಳ್ಳೆ ನೋಡಿದವನೇ ಪುಟ್ಟ ಟ್ಯೂಬೊಂದನ್ನು ಮುಂದಿಟ್ಟ.

"ವೈರಸ್ಸು ಸಾರ್. ದಿನಕ್ಕೆ ಐದು ಸಲ ತೆಳ್ಳಗೆ ಹಚ್ಚಿ. ಐದು ದಿನ."

"ಹನ್ನೊಂದೂವರೆಗೆ ವಾಸಿ ಆಗ್ಬೇಕು ಕಣಪ್ಪ."

"ಮುಹೂರ್ತ ನೋಡಿ ಕೆಲಸ ಮಾಡೋ ಕ್ರೀಮು ಇನ್ನೂ ಬಂದಿಲ್ಲ ಸಾರ್. ನಿಮ್ಮನೇಲಿ ಹಸುಗೂಸು ಇದೆಯಲ್ವಾ? ಒಣಗಿ ಸಿಪ್ಪೆ ಉದುರೋವರೆಗೂ ಅದರ ಹತ್ರ ಮುಖ ತಗೊಂಡು ಹೋಗ್ಬೇಡಿ. ನಮಗೆ ಬರೀ ಗುಳ್ಳೆ, ಅದಕ್ಕೆ ಪ್ರಾಣಕ್ಕೇ ಬರುತ್ತೆ."

ಶಿವರಾಮ್ ಬ್ಯಾಂಕಿನ ಗುಮಾಸ್ತ, ಲೆಕ್ಕದಲ್ಲಿ ಚುರುಕು. ಐದೈದಲ ಇಪ್ಪತ್ತೈದು. ಇಪ್ಪತ್ತೈದು ಸಲವನ್ನೂ ಹನ್ನೊಂದೂವರೆಯೊಳಗೆ ಮುಗಿಸಿಬಿಟ್ಟರೆ ವೈರಸ್ಸು ಇನ್ನೇನು ತಾನೇ ಕೇಳೀತು? ಮನೆಯ ಹಿತ್ತಲಲ್ಲಿ ಅಡಗಿ ನಿಂತು ಹಚ್ಚಿದ್ದೇ ಹಚ್ಚಿದ್ದು. ಹದಿನಾರನೆಯ ಸಲಕ್ಕೆ ಗುಳ್ಳೆ ಇನ್ನಷ್ಟು ಉಬ್ಬಿ, ಮುಖ ಬೆಣ್ಣೆ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತಿತ್ತು.

ಪಕ್ಕದ ಮನೆಯ ಮುನಿಕೆಂಪಮ್ಮಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿದಳು. "ಅಯ್ಯೋ ಸಿವರಾಮ, ಇದು ಸರ್ಪಸುತ್ತು ಕಣಪ್ಪ. ಇಂಗೇ ಬುಟ್ರೆ ಮಕಾನೆಲ್ಲಾ ಸುತ್ಕಂತದೆ."

ಅವನು ಬೇಡವೆನ್ನುವಷ್ಟರಲ್ಲಿ ಅಜ್ಜಿ ಒಳಗೆ ಬಂದು, ಸೆರಗಿನಿಂದ ಕ್ರೀಮು ಒರೆಸಿ, ಬಾಗಿಲಿಗೆ ಸಾರಿಸಲು ಕಲಸಿಟ್ಟಿದ್ದ ಕೆಮ್ಮಣ್ಣನ್ನು ಮೂಗಿನಿಂದ ಗದ್ದದವರೆಗೆ ಬಳಿದಾಗಿತ್ತು. ಆ ಹೊತ್ತಿಗೇ ನಾಗಮಣಿ ಹಣ್ಣಿನ ತಟ್ಟೆ ಹಿಡಿದು ಬಂದಳು.

"ಏನ್ರೀ ಶಿವರಾಮ್, ಬಾಗಿಲು ಬಿಟ್ಟು ತುಟಿ ಸಾರಿಸ್ಕೊಂಡಿದೀರಾ?"

"ಬಿಸಿ ಬಜ್ಜಿ ಸುಟ್ಟಿದ್ದು, ಅಷ್ಟೇ."

"ಬಜ್ಜಿ ಎಲ್ಲಿಂದ ಬಂತು, ಸರ್ಪಸುತ್ತು," ಎಂದು ಅಜ್ಜಿ ಬೀದಿಗೆಲ್ಲಾ ಕೇಳುವಂತೆ ತಿದ್ದಿದಳು.

ಇನ್ನೂ ಒಂದೆರಡು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ತೊಟ್ಟಿಲಲ್ಲಿ ಆ ಅಂಗೈಯಗಲದ ಮುಖ ಆಕಳಿಸಿದ್ದನ್ನು ಬಾಗಿಲಿನಿಂದಲೇ ಕಂಡಾಗ ಶಿವರಾಮನಿಗೆ ಇನ್ನು ಸುಳ್ಳು ಹೇಳಲಾಗಲಿಲ್ಲ. ಜಾಫರ್ ಹೇಳಿದ್ದನ್ನು ಎಲ್ಲರೆದುರು ಹೇಳಿಬಿಟ್ಟ. ನಾಗಮಣಿ ಆಗಲೇ ಸೆರಗು ಸಿಕ್ಕಿಸಿ ತೊಟ್ಟಿಲ ಕಡೆ ಹೊರಟಳು.

ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. "ನಿಲ್ಲಿ. ನನ್ನ ಹಕ್ಕನ್ನ ಅಜ್ಜಿಗೆ ಕೊಡ್ತೀನಿ. ಇಲ್ಲಿರೋರಲ್ಲಿ ಅವರೇ ಹಿರಿಯರು."

ಪುರೋಹಿತರು ಗಡಿಯಾರ ನೋಡಿ ಆಗಬಹುದೆಂದರು. ಶಿವರಾಮ್ ಅಜ್ಜಿಯನ್ನು ಮೂಲೆಗೆ ಕರೆದೊಯ್ದು ಹತ್ತು ಸಲ ಗೌತಮಿ ಎಂದು ಹೇಳಿಸಿದ. ಹತ್ತು ಸಲವೂ ಸರಿಯಾಗಿ ಹೇಳಿದಳು. ಕಲಾವತಿಗೆ ದೂರದಿಂದಲೇ ಕಣ್ಸನ್ನೆ ಮಾಡಿ, ನಾಗಮಣಿಯ ಗಂಟು ಮುಖ ನೋಡಿ, ಬೆಳಗಿನಿಂದ ಮೊದಲ ಬಾರಿಗೆ ನಕ್ಕ. ತುಟಿ ಚುರುಗುಟ್ಟಿತು.

ಅಜ್ಜಿ ಬಾಗಿ ಮೂರು ಸಲ ಪಿಸುಗುಟ್ಟಿ ಎದ್ದಳು.

"ಏನ್ ಹೆಸರು ತಾಯಿ?" ಪುರೋಹಿತರು ಕೇಳಿದರು.

"ಮುನಿಕೆಂಪಮ್ಮ."

"ಅಜ್ಜಿ, ಗೌತಮಿ ಅಂತ ಹೇಳ್ಕೊಟ್ಟಿದ್ನಲ್ಲ," ಎಂದ ಶಿವರಾಮ್, ಅಳುವ ದನಿಯಲ್ಲಿ.

"ಯೋಳ್ಕೊಟ್ಟೆ, ಇಲ್ಲ ಅಂದ್ನಾ? ಕೊಟ್ಟಮ್ಯಾಕೆ ಅಕ್ಕು ನಂದಲ್ವಾ? ಏಳು ಮೊಮ್ಮಕ್ಕಳವೆ, ಒಂದಕ್ಕೂ ನನ್ನೆಸ್ರು ಇಕ್ಕಲಿಲ್ಲ." ಅಜ್ಜಿ ಕಣ್ಣೊರೆಸಿಕೊಂಡಳು.

ಕಿವಿಗೆ ಹೋದದ್ದನ್ನು ವಾಪಸು ತೆಗೆಯಲಾಗದು, ಆದರೆ ಕರೆಯುವುದಕ್ಕೆ ಎರಡನೆಯ ಹೆಸರಿಡಬಹುದು ಎಂದರು ಪುರೋಹಿತರು. "ಸೋದರಮಾವನ ಹಕ್ಕು ಮುಗೀತು. ಇನ್ನು ಸೋದರತ್ತೆ ಹೇಳ್ಬೇಕು."

ನಾಗಮಣಿ ಕೈಕಟ್ಟಿ ನಿಂತಳು. "ಹೇಳೋಕೇನು, ಹೇಳ್ತೀನಿ. ಆದ್ರೆ ನನ್ನ ಬಾಯಲ್ಲಿ ಬರೋದು ಒಂದೇ ಹೆಸರು. ಇಷ್ಟ ಇದ್ರೆ ಬಾಣಂತಿನೇ ನನ್ನ ಕರೀಲಿ."

ಕಲಾವತಿ ಮಗಳನ್ನೊಮ್ಮೆ, ಮುನಿಕೆಂಪಮ್ಮಜ್ಜಿಯನ್ನೊಮ್ಮೆ ನೋಡಿದಳು. ಆಮೇಲೆ ಅಣ್ಣನನ್ನು ಹೇಗೆ ನೋಡಿದಳೆಂದರೆ, ಶಿವರಾಮ್ ಎರಡು ಹೆಜ್ಜೆ ಹಿಂದೆ ಸರಿದ.

"ಬನ್ನಿ ಅತ್ತಿಗೆ," ಎಂದಳು. "ದ್ರೌಪದಮ್ಮ ಅಂತಾನೇ ಹೇಳಿ. ಸ್ವಲ್ಪ ಜೋರಾಗೇ ಹೇಳಿ."