ಕಾಯಿಲೆಯೇ ಇಲ್ಲದ ಮನೆತನ

ಹೆಡ್ ಸಿಸ್ಟರ್ ತರಬೇತಿಗೆ ಹೋಗಿಬಂದದ್ದೇ ಎಲ್ಲ ಫಜೀತಿಗೂ ಮೂಲ. ಹೋಗುವ ಮುಂಚೆ ಆಕೆಗೆ ರೋಗಿಯ ಜ್ವರ, ಬಿ.ಪಿ. ಗೊತ್ತಾದರೆ ಸಾಕಾಗುತ್ತಿತ್ತು. ಬಂದ ಮೇಲೆ ರೋಗಿಯ ಅಜ್ಜ ಏನಾಗಿ ಸತ್ತನೆಂದು ತಿಳಿಯದೆ ಸಮಾಧಾನವೇ ಇಲ್ಲ. ಮೂಗು, ಕಿವಿ ಇಳಿದುಬರುವ ಹಾಗೆ ಕೆಲವು ಕಾಯಿಲೆಗಳೂ ವಂಶವಾಹಿಗಳಲ್ಲಿ ಇಳಿದುಬರುತ್ತವೆ. ಆದ್ದರಿಂದ ಆಪರೇಷನ್ನಿಗೆ ಹೋಗುವವರ ಮೂರು ತಲೆಮಾರು ವಿಚಾರಿಸಿಯೇ ಒಳಗೆ ಕಳಿಸಬೇಕು ಎಂದು ವಾರ್ಡಿಗೆಲ್ಲ ಅಪ್ಪಣೆಯಾಯಿತು.

ಅಪ್ಪಣೆ ಮೊದಲು ಬಂದು ಕೂತದ್ದು ಬ್ರದರ್ ತಲೆಯ ಮೇಲೆ. ಗಂಡು ನರ್ಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬ್ರದರ್ ಎಂದೇ ಕರೆಯುವುದು. ಹೀಗೆ ಊರಿಗೆಲ್ಲ ಅಣ್ಣನಾಗಿ, ನೈಟ್ ಡ್ಯೂಟಿಯ ಹುಡುಗನೆಂಬ ಕಾರಣಕ್ಕೆ ಯಾರಿಗೂ ಗಂಡನಾಗದೆ ಉಳಿದವನ ಹಣೆ ವರ್ಷವರ್ಷಕ್ಕೂ ಅಗಲವಾಗುತ್ತಿತ್ತು. ಕೊನೆಗೂ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೊದಲ ಭೇಟಿಯಲ್ಲೇ ಅವನ ಕನ್ನಡಕ ಇಸಿದುಕೊಂಡು, ಸೊಟ್ಟಗಿದ್ದ ಕಡ್ಡಿ ನೆಟ್ಟಗೆ ಮಾಡಿ, ಒರೆಸಿ ಕೊಟ್ಟಿದ್ದಳು. ಅಂದಿನಿಂದ ಅವನಿಗೆ ಲೋಕವೇ ಸ್ವಚ್ಛವಾಗಿ ಕಾಣುತ್ತಿತ್ತು. ಇನ್ನು ಮದುವೆಯ ದಿನ ಗೊತ್ತುಮಾಡುವುದೊಂದೇ ಬಾಕಿ ಎನ್ನುವಾಗ ಹುಡುಗಿಯ ತಂದೆಗೆ ಪಿತ್ತಕೋಶದ ಕಲ್ಲು ನೋಯತೊಡಗಿ, ಅವರು ಬಂದು ಮಲಗಿದ್ದು ಇವನದೇ ವಾರ್ಡಿನಲ್ಲಿ. ಮಧ್ಯಾಹ್ನ ಆಪರೇಷನ್.

"ನಿಮ್ಮೋರೇ ಅಲ್ವಾ, ನಿಮ್ಮ ಹತ್ರ ಏನು ಮುಚ್ಚಿಡ್ತಾರೆ? ಹೋಗಿ ಕೇಳಿ" ಎಂದು ಹೆಡ್ ಸಿಸ್ಟರ್ ಅವನನ್ನೇ ಕಳಿಸಿದರು. ಆಕೆಗೆ ವಂಶವಾಹಿಗಳು ಗೊತ್ತಿದ್ದವು, ಬೀಗರು ಗೊತ್ತಿರಲಿಲ್ಲ.

ಹುಡುಗಿಯ ತಂದೆ ಡ್ರೈವಿಂಗ್ ಸ್ಕೂಲ್ ನಡೆಸುವವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಹಾಸಿಗೆಯ ಒಂದು ಪಕ್ಕ ಅವರ ಹೆಂಡತಿ, ಇನ್ನೊಂದು ಪಕ್ಕ ಅವರ ತಂಗಿ, ಎಂದರೆ ಹುಡುಗಿಯ ಸೋದರತ್ತೆ. ಬ್ರದರ್ ಸಂಕೋಚದಿಂದ, ಮೇಷ್ಟ್ರ ತಂದೆಯವರು ಏನಾಗಿ ತೀರಿಕೊಂಡರು ಎಂದು ಕೇಳಿದ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಹೆಂಡತಿ ಉತ್ತರ ಕೊಟ್ಟರು.

"ಏಣಿಯಿಂದ ಬಿದ್ರು."

ಬ್ರದರ್‌ಗೆ ಅನುಮಾನವೇನೂ ಬರಲಿಲ್ಲ. ಏಣಿಯಿಂದ ಬಿದ್ದು ಸಾಯುವವರೂ ಲೋಕದಲ್ಲಿ ಇದ್ದಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮುಂದೆ ಕೇಳಿದರೆ ಮೇಷ್ಟ್ರ ಅಜ್ಜಿ ಮೆಟ್ಟಿಲು ಜಾರಿದ್ದರು, ದೊಡ್ಡಪ್ಪನಿಗೆ ಗೂಳಿ ಹಾಯ್ದಿತ್ತು, ಚಿಕ್ಕಪ್ಪ ಸೈಕಲ್ ಸಮೇತ ಚರಂಡಿಗೆ ಇಳಿದಿದ್ದರು. ಸಕ್ಕರೆ ಕಾಯಿಲೆ? ಹೆಸರೇ ಕೇಳಿಲ್ಲ. ಬಿ.ಪಿ.? ಅಂದರೆ ಏನು ಎಂದರು. ಕುಟುಂಬಕ್ಕೆ ಕುಟುಂಬವೇ ಕಲ್ಲುಗುಂಡಿನಂತೆ ಇದ್ದು, ದಾರಿಯಲ್ಲಿ ಮಾತ್ರ ಸತ್ತಿತ್ತು.

"ಎಲ್ಲರೂ ಗಟ್ಟಿಮುಟ್ಟಾಗೇ ಇದ್ರು," ಎಂದು ಮೇಷ್ಟ್ರೂ ದನಿಗೂಡಿಸಿದರು. "ರಸ್ತೆ ನಿಯಮ ಗೊತ್ತಿರ್ಲಿಲ್ಲ, ಅಷ್ಟೆ."

ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ದರ್ಜಿಗೆ ಬೇರೆಯವರ ಮಾತು ಕೇಳುವುದೇ ಔಷಧಿ. "ಇವರ ಮನೇಲಿ ಎಲ್ಲರಿಗೂ ವಿಮೆ ಮಾಡಿಸ್ಬೇಕಿತ್ತು ಬ್ರದರ್," ಎಂದು ಛಾವಣಿ ನೋಡುತ್ತ ಹೇಳಿದ.

ಕೊನೆಯ ಪ್ರಶ್ನೆ ಬಾಕಿಯಿತ್ತು. ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ಮನೆಯಲ್ಲಿ ಯಾರಿಗಾದರೂ ತೊಂದರೆಯಾಗಿತ್ತೇ? ಸೋದರತ್ತೆ ಮೈಮರೆತು, "ನಮ್ಮ ದೊಡ್ಡಣ್ಣಂಗೆ ಆಪರೇಷನ್ ಥಿಯೇಟರ್..." ಎಂದು ಶುರುಮಾಡಿದರು. ಅತ್ತಿಗೆಯ ಕಣ್ಣು ಅವರ ಮೇಲೆ ಬಿತ್ತು. ಸೋದರತ್ತೆ ಒಮ್ಮೆ ಉಗುಳು ನುಂಗಿ, "...ಮುಂದೆ ವ್ಯಾನ್ ಡಿಕ್ಕಿ ಹೊಡೀತು," ಎಂದು ಮುಗಿಸಿದರು.

ಹೆಡ್ ಸಿಸ್ಟರ್ ಹೇಳಿಕೊಟ್ಟದ್ದರಲ್ಲಿ ಇದೊಂದು ಬ್ರದರ್‌ಗೆ ಅಚ್ಚೊತ್ತಿದಂತೆ ನೆನಪಿತ್ತು: ಕೆಲವು ಮನೆತನಗಳಲ್ಲಿ ಅರಿವಳಿಕೆಯ ಗಾಳಿ ಮೂಗಿಗೆ ಹೋದರೆ ಮೈ ಸೆಟೆದು, ಕಾದು, ಜೀವಕ್ಕೇ ಕುತ್ತು. ದೊಡ್ಡಣ್ಣನಿಗೆ ಆದದ್ದು ತಮ್ಮನಿಗೂ ಆಗಬಹುದು. ನಿಜ ಹೊರಬರದಿದ್ದರೆ ಮಾವನಾಗುವವರು ಥಿಯೇಟರಿನಿಂದ ವಾಪಸು ಬರದೇ ಹೋಗಬಹುದು. ಒತ್ತಿ ಕೇಳಿದರೆ, ಹುಡುಗ ಕಾಯಿಲೆ ಹುಡುಕುತ್ತಿದ್ದಾನೆಂದು ಸಂಬಂಧ ಮುರಿಯಬಹುದು.

ಅವನು ಓಡಿಹೋಗಿ, ಬೇರೆ ಯಾರನ್ನಾದರೂ ಕಳಿಸಿ ಎಂದು ಹೆಡ್ ಸಿಸ್ಟರನ್ನು ಬೇಡಿಕೊಂಡ. ಇನ್ನೊಬ್ಬ ಸಿಸ್ಟರ್ ಹೋಗಿ ಕೇಳಿದಳು. ಹುಡುಗನ ಕಡೆಯವಳೇ ಇರಬೇಕೆಂದು ಅವಳನ್ನು ಕೂರಿಸಿ ಉಪಚರಿಸಿ, ಅದೇ ಗೂಳಿಯನ್ನು ಇನ್ನೊಂದು ಸಲ ಹಾಯಿಸಿ ಕಳಿಸಿದರು. ಅಷ್ಟರಲ್ಲಿ ಸಹಾಯ ಮಾಡಲು ದರ್ಜಿ ತಾನಾಗಿಯೇ ಬಾಯಿಹಾಕಿದ. "ನಿಜ ಹೇಳಿಬಿಡೀಮ್ಮಾ, ನಿಮ್ಮ ಮನೇಲಿ ಹುಚ್ಚು ಗಿಚ್ಚು ಇದೆಯೇನೋ ಅಂತ ಬ್ರದರ್‌ಗೆ ಅನುಮಾನ," ಎಂದುಬಿಟ್ಟ. ಮೇಷ್ಟ್ರ ಹೆಂಡತಿ ಸೆರಗು ಬಿಗಿದುಕೊಂಡು, ತಮ್ಮ ಮನೆಯಲ್ಲಿ ಯಾರಿಗೂ ಈವರೆಗೆ ನೆಗಡಿ ಕೂಡ ಆದದ್ದಿಲ್ಲ ಎಂದು ವಾರ್ಡಿಗೆಲ್ಲ ಕೇಳಿಸುವಂತೆ ಸಾರಿದರು.

ಸ್ಟ್ರೆಚರ್ ಬಂದೇಬಿಟ್ಟಿತು. ಹಸಿರು ಗೌನು ತೊಟ್ಟ ಮೇಷ್ಟ್ರು, ತಿರುವಿನಲ್ಲಿ ನಿಧಾನವಾಗಿ ತಿರುಗಿಸಬೇಕೆಂದು ತಳ್ಳುವವನಿಗೆ ಪಾಠ ಹೇಳುತ್ತ ಬಾಗಿಲವರೆಗೆ ಹೋದರು. ಅಲ್ಲಿ ಬ್ರದರ್ ಅಡ್ಡ ನಿಂತ. ಹಿಂದೆಯೇ ಬಂದಿದ್ದ ಮೇಷ್ಟ್ರ ಹೆಂಡತಿ ಮತ್ತು ತಂಗಿಯ ಕಡೆ ತಿರುಗಿದ.

"ಅಮ್ಮಾ, ನಿಮ್ಮ ಮನೇಲಿ ಏನೇ ಕಾಯಿಲೆ ಇರ್ಲಿ, ಎಷ್ಟೇ ಇರ್ಲಿ, ನಾನು ಮದುವೆ ಆಗೋದು ನಿಮ್ಮ ಮಗಳನ್ನೇ. ದೊಡ್ಡಣ್ಣಂಗೆ ಏನಾಯ್ತು, ಹೇಳಿ."

ಕಟ್ಟೆ ಒಡೆಯಿತು. ದೊಡ್ಡಣ್ಣನಿಗೆ ವ್ಯಾನೂ ಇಲ್ಲ, ಗೀನೂ ಇಲ್ಲ. ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ದವಡೆ ಕಚ್ಚಿಕೊಂಡು, ಮೈ ಕೆಂಡವಾಗಿ ಮೇಜಿನ ಮೇಲೇ ಹೋಗಿಬಿಟ್ಟಿದ್ದರು. ಅವರ ಮಗನಿಗೂ ಹೀಗೇ ಆಗಿ ಕೂದಲೆಳೆಯಲ್ಲಿ ಬದುಕಿದ್ದ. ಅಷ್ಟಕ್ಕೇ ನಿಲ್ಲಲಿಲ್ಲ. ಸೈಕಲ್ಲಿನ ಚಿಕ್ಕಪ್ಪನಿಗೆ ಸಕ್ಕರೆ, ಗೂಳಿ ಹಾಯ್ದ ದೊಡ್ಡಪ್ಪನಿಗೆ ಮೂರ್ಛೆ, ಏಣಿಯಿಂದ ಬಿದ್ದ ತಂದೆಗೆ ಹೃದಯದ ಬೇನೆ. ಮಲಗಿದ್ದಲ್ಲಿಂದಲೇ ಮೇಷ್ಟ್ರು ತಮ್ಮ ಮೂಲವ್ಯಾಧಿಯನ್ನೂ ಸೇರಿಸಿದರು. ಇಷ್ಟು ವರ್ಷ ಅದುಮಿಟ್ಟದ್ದನ್ನು ಹೇಳಿಕೊಂಡ ಸುಖಕ್ಕೆ ಸೋದರತ್ತೆ ಕಣ್ಣೊರೆಸಿಕೊಂಡರು. ಬ್ರದರ್ ಪ್ರತಿಯೊಂದಕ್ಕೂ ನಗುನಗುತ್ತ ತಲೆಯಾಡಿಸಿದ.

ಅರಿವಳಿಕೆ ಡಾಕ್ಟರ್ ಕೇಳಿ ಬೆವರಿದರು. ಅಪಾಯದ ಗಾಳಿಯನ್ನು ಬಳಸದೆ, ಬೇರೆ ಔಷಧಿಯನ್ನು ನರಕ್ಕೆ ಕೊಟ್ಟರು, ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮಗಳಿಗೂ ಇದು ಬಂದಿರಬಹುದು, ವಂಶವಾಹಿ ಪರೀಕ್ಷೆ ಮಾಡಿಸಿ. ಬಂದಿದ್ದರೂ ಆಪರೇಷನ್ನಿನ ಹೊತ್ತಿಗೆ ಮೊದಲೇ ತಿಳಿಸಿದರೆ ಭಯವಿಲ್ಲ ಎಂದು ಡಾಕ್ಟರ್ ಹೇಳಿದರು. ಹೆಡ್ ಸಿಸ್ಟರ್ ಎಲ್ಲರೆದುರು ಅವನ ಬೆನ್ನು ತಟ್ಟಿದರು. ಬ್ರದರ್‌ನ ಕಾಲು ನೆಲದ ಮೇಲಿರಲಿಲ್ಲ. ಮಾವನ ಜೀವವೂ ಉಳಿಯಿತು, ಇನ್ನು ತನಗೆ ಇಲ್ಲವೆನ್ನುವವರು ಯಾರು ಎಂದುಕೊಂಡ.

ಸಂಜೆ ಮೇಷ್ಟ್ರ ಹೆಂಡತಿ ಅವನನ್ನು ಕಾರಿಡಾರಿಗೆ ಕರೆದರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು.

"ನಮ್ಮೋರ ಜೀವ ಉಳಿಸಿದ್ರಿ. ನಿಮ್ಮ ಋಣ ತೀರ್ಸೋಕಾಗಲ್ಲ. ಆದ್ರೆ ಆ ಮದುವೆ ಮಾತು ಇಲ್ಲಿಗೇ ಬಿಡೋಣಪ್ಪ."

ತನ್ನಿಂದ ಏನು ತಪ್ಪಾಯಿತು ಎಂದು ಬ್ರದರ್ ಕೇಳಿದ.

"ತಪ್ಪು ಅಂತಲ್ಲ. ನಮ್ಮ ಮನೆ ಕಾಯಿಲೆ ಎಲ್ಲಾ ಬಿಚ್ಚಿಟ್ವಿ. ಬೇರೆ ಯಾರೇ ಆಗಿದ್ರೂ ಎದ್ದು ಓಡ್ತಿದ್ರು. ನೀವು ಹಿಂದೆಮುಂದೆ ನೋಡ್ದೆ ಒಪ್ಕೊಂಡ್ರಿ, ಮೇಲೆ ನಕ್ಕಿರಿ ಬೇರೆ. ಅಂದ್ರೆ ನಿಮ್ಮ ಮನೇಲಿ ಇನ್ನೇನಿರ್ಬೇಕು?"

"ನಮ್ಮನೇಲಿ ಏನೂ ಇಲ್ಲಮ್ಮ," ಎಂದು ಅವನು ಅಂಗಲಾಚಿದ. "ಬೇಕಾದ್ರೆ ಕೇಳಿ, ಒಂದೊಂದೇ ಹೇಳ್ತೀನಿ."

"ಸರಿ. ನಿಮ್ಮ ತಾತ ಏನಾಗಿ ಹೋದ್ರು?"

ಬ್ರದರ್ ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಅವರ ಮುಖ ನೋಡಿದ. ನಿಜ ಇದ್ದದ್ದು ಒಂದೇ.

"ಏಣಿಯಿಂದ ಬಿದ್ದು," ಎಂದ.

ಆಕೆ ತಾಯಿಯ ಹಾಗೆ ಅವನ ಭುಜ ಸವರಿ, ನಿಟ್ಟುಸಿರು ಬಿಟ್ಟು ಒಳಗೆ ಹೋದರು.