ಕಮಾಲಸಾಹೇಬರ ವೀಸಾಕ್ಕೆ ಊರಿನವರ ಸಾಕ್ಷಿ

ಒಬ್ಬ ಮನುಷ್ಯನನ್ನು ಊರು ಬಿಡಿಸಬೇಕಾದರೆ ಅವನ ಮೇಲೆ ಚಾಡಿ ಹೇಳಬೇಕು ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಒಂದು ಮಧ್ಯಾಹ್ನ ಪೊಲೀಸ್ ಅಧಿಕಾರಿಯೊಬ್ಬರ ಬೆನ್ನ ಹಿಂದೆ ಬೈಲಹೊಂಗಲದ ಬೀದಿಗಳಲ್ಲಿ ಬಾಯಿ ಮುಚ್ಚಿಕೊಂಡು ನಡೆದ ಮೇಲೆ ಆ ತಿಳಿವಳಿಕೆ ಹೋಯಿತು. ಚಾಡಿಯ ಅಗತ್ಯವೇ ಇಲ್ಲ. ನಾಲ್ಕು ಜನ ಮನಸ್ಸು ಬಿಚ್ಚಿ ಹೊಗಳಿದರೆ ಸಾಕು. ನಿಧಾನವಾಗಿ, ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ನಮ್ಮ ಕಡೆ ಹೊಗಳುವುದಕ್ಕೂ ಒಂದು ಪದ್ಧತಿ ಇದೆ. ಹೆಣ್ಣಿನ ಕಡೆಯವರು ವರನ ವಿಚಾರ ತಿಳಿಯಲು ಬಂದರೆ ನೇರವಾಗಿ ಅವನ ಮನೆಗೆ ಹೋಗುವುದಿಲ್ಲ. ಬಸ್ ಇಳಿದು, ಚಹದಂಗಡಿಯಲ್ಲಿ ಕುಳಿತು, ಮಳೆ-ಬೆಳೆಯ ಮಾತಾಡಿ, ಆಮೇಲೆ ಏನೋ ನೆನಪಾದವರ ಹಾಗೆ "ಇಂಥವರ ಮಗಾ ಹೆಂಗ್ರಿ?" ಎಂದು ಕೇಳುತ್ತಾರೆ. ಯಾಕೆ ಕೇಳುತ್ತಿದ್ದಾರೆ ಎಂಬುದು ಇಡೀ ಅಂಗಡಿಗೆ ಗೊತ್ತಾಗುತ್ತದೆ. ಕೂಡಿಬಂದ ಮದುವೆಯನ್ನು ಮುರಿದ ಪಾಪ ಯಾರಿಗೆ ಬೇಕು? ಹಾಗಾಗಿ ಹುಡುಗ ಎಂಥವನೇ ಇರಲಿ, ಆ ಹೊತ್ತಿಗೆ ಅವನು ಬಂಗಾರ. ನನ್ನ ಮದುವೆಗೆ ಮುಂಚೆ ಸಂಪಗಾಂವದಿಂದ ಬಂದ ನನ್ನ ಮಾವನವರಿಗೆ ಇದೇ ಊರಿನ ಜನ ನಾನು ಮಾತಿನಲ್ಲಿ ಬಹಳ ಚತುರ ಎಂದು ಹೇಳಿದ್ದರಂತೆ. ಆ ಚತುರ ಮಾತು ಇಂದಾದರೂ ಬಂದೀತೆಂದು ನನ್ನ ಹೆಂಡತಿ ಇನ್ನೂ ಕಾಯುತ್ತಿದ್ದಾಳೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಎಂದರೆ ಟೈಪು ಮಾಡುವವನು, ಫೋನು ಎತ್ತುವವನು, ಮಿಲ್ಲಿನ ಮಾಲೀಕರಾದ ಸಾವಕಾರರ ಸಿಟ್ಟನ್ನು ಮೊದಲು ಎದುರಿಸುವವನು. ಆ ವರ್ಷ ಸಾವಕಾರರು ಟರ್ಕಿ ದೇಶದಿಂದ ಹೊಸ ಯಂತ್ರ ತರಿಸಿದರು. ಯಂತ್ರದ ಹಿಂದೆಯೇ, ಅದನ್ನು ಮಾರಿದ ಕಂಪನಿಯ ಕಡೆಯಿಂದ ಕೆಮಾಲ್ ಎಂಬ ಎತ್ತರದ ಮನುಷ್ಯ ಬಂದ. ಬಂದ ವಾರದಲ್ಲೇ ಊರು ಅವನನ್ನು ಕಮಾಲಸಾಹೇಬ ಎಂದು ಕರೆಯಲು ಶುರು ಮಾಡಿತು. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಸ್ವಲ್ಪ. ನನಗೆ ಬರುತ್ತಿದ್ದದ್ದು ಟೈಪಿಂಗ್ ಪರೀಕ್ಷೆಯ ವ್ಯಾಪಾರಿ ಪತ್ರಗಳದು. ಅವನು "ಬೋಲ್ಟ್, ನೋ!" ಎಂದರೆ ನಾನು "ತಮ್ಮ ಪತ್ರ ತಲುಪಿತು" ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದೆ. ಹೇಗೋ ನಡೆಯುತ್ತಿತ್ತು.

ಒಂದೂವರೆ ತಿಂಗಳಲ್ಲಿ ಮುಗಿಯಬೇಕಾದ ಜೋಡಣೆ ಮುಗಿಯಲಿಲ್ಲ. ಕರೆಂಟು ಬಂದಾಗ ಕೆಲಸ, ಹೋದಾಗ ಚಹ. ಕರೆಂಟು ಹೋಗಿದ್ದೇ ಹೆಚ್ಚು. ಈ ನಡುವೆ ಅವನ ವೀಸಾ ಮುಗಿಯಲು ಬಂತು. ಅದು ವ್ಯವಹಾರದ ವೀಸಾ. ಅಂಥ ವೀಸಾದವರು ಬರಬಹುದು, ಕುಳಿತು ಮಾತಾಡಬಹುದು, ಮಾರಬಹುದು, ಕೊಳ್ಳಬಹುದು. ಇಲ್ಲಿ ದುಡಿಯುವ ಹಾಗಿಲ್ಲ, ನೆಲೆಸುವ ಹಾಗಂತೂ ಇಲ್ಲವೇ ಇಲ್ಲ. ಯಂತ್ರ ಮಾರಿದವನು ಅದನ್ನು ಜೋಡಿಸಿ ಕೊಡುವುದು ವ್ಯವಹಾರವೋ ದುಡಿಮೆಯೋ ಎಂಬುದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವಧಿ ಬೆಳೆಸಿಕೊಡಬೇಕೆಂದು ಜಿಲ್ಲೆಯ ಕಚೇರಿಗೆ ನಾನು ಅರ್ಜಿ ಟೈಪು ಮಾಡಿದೆ. ಅದರಲ್ಲಿ "ಯಂತ್ರದ ಬಗ್ಗೆ ಮಾತುಕತೆ ಇನ್ನೂ ನಡೆದಿದೆ" ಎಂದು ಬರೆದೆ. ಅದೂ ಸುಳ್ಳಲ್ಲ, ಕೆಮಾಲ್ ಆ ಯಂತ್ರದ ಜೊತೆ ದಿನವಿಡೀ ತನ್ನ ಭಾಷೆಯಲ್ಲಿ ಮಾತಾಡುತ್ತಲೇ ಇದ್ದ.

ಅಂಗಳದಲ್ಲಿ ಹತ್ತಿ ಗುಡ್ಡದ ಹಾಗೆ ಬಿದ್ದಿತ್ತು. ಸಾವಕಾರರು ನನ್ನನ್ನು ಕರೆದು, "ಮ್ಯಾನೇಜರ್ರ, ಅಂವ ಹೋದಾ ಅಂದ್ರ ಮಶಿನ್ ಕುಂತತಿ. ಮಶಿನ್ ಕುಂತರ ನೀವೂ ಮನ್ಯಾಗ ಕುಂದರ್ರಿ" ಎಂದರು. ಸಾವಕಾರರು ತಮಾಷೆ ಮಾಡುವಾಗ ಮೀಸೆ ಮುಟ್ಟಿಕೊಳ್ಳುತ್ತಾರೆ. ಅವತ್ತು ಮುಟ್ಟಿಕೊಳ್ಳಲಿಲ್ಲ.

ವಿಚಾರಣೆಗೆ ಪೊಲೀಸ್ ಅಧಿಕಾರಿ ಬರುತ್ತಾರೆ ಎಂಬ ಸುದ್ದಿ ಬಂದಾಗ ನಾನು ಮಾಡಿದ ತಯಾರಿ ಬಹಳ ಎಚ್ಚರಿಕೆಯದು. ಕೆಮಾಲ್‌ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿದೆ. ಉಗುರಿನ ಸಂದಿಯ ಎಣ್ಣೆಯನ್ನು ಸೀಗೆಕಾಯಿ ಹಚ್ಚಿ ತಿಕ್ಕಿಸಿದೆ. ಆಫೀಸಿನ ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲಿ ಒಂದು ಫೈಲು ಕೊಟ್ಟು, "ನೋ ಸ್ಪ್ಯಾನರ್, ಓನ್ಲಿ ಟಾಕ್" ಎಂದೆ. ಊರಿನಲ್ಲಿ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. ಗುಟ್ಟು ಎಷ್ಟು ಕಡಿಮೆ ಜನರಲ್ಲಿ ಇದ್ದರೆ ಅಷ್ಟು ಒಳ್ಳೆಯದು ಎಂದು ನನ್ನ ಲೆಕ್ಕ. ಬುದ್ಧಿವಂತಿಕೆಯ ಲೆಕ್ಕಗಳು ನನಗೆ ಯಾವಾಗಲೂ ಹೀಗೇ ಕೈಕೊಡುತ್ತವೆ.

ಅಧಿಕಾರಿ ಖಾಕಿಯಲ್ಲಿ ಬರಲಿಲ್ಲ. ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ, ಮೋಟಾರ್‌ಸೈಕಲ್ಲು. ಸವದತ್ತಿ ಕಡೆಯವರು. ಮಿಲ್ಲಿನ ಗೇಟಿನಲ್ಲೇ ನನ್ನನ್ನು ನೋಡಿ, "ಪರದೇಶದವರನ್ನ ಆಮ್ಯಾಲ ನೋಡೂಣು. ಮೊದಲ ಓಣ್ಯಾಗ ಕೇಳೂಣು. ನೀವೂ ಬರ್ರಿ, ಆದ್ರ ನಡಕ ಬಾಯಿ ಹಾಕಬ್ಯಾಡ್ರಿ" ಎಂದರು.

ಮೊದಲು ಹೊಕ್ಕದ್ದು ರುದ್ರಪ್ಪನ ಚಹದಂಗಡಿ. ಅಧಿಕಾರಿ ಬೆಂಚಿನ ಮೇಲೆ ಕುಳಿತರು. ಚಹ ಹೇಳಿದರು. ಈ ಸಲ ಜೋಳ ಹೇಗೆ ಎಂದು ಕೇಳಿದರು. ಹೆಣ್ಣಿನ ಕಡೆಯವರು ಕೇಳುವ ಕ್ರಮವೇ ಇದು ಎಂದು ನನಗೆ ಅಲ್ಲೇ ಹೊಳೆಯಿತು. ನಂತರ, ಏನೋ ನೆನಪಾದವರ ಹಾಗೆ, "ಮಿಲ್ಲಿನ್ಯಾಗ ಒಬ್ರು ಪರದೇಶದವರು ಅದಾರಂತಲ್ಲ, ಹೆಂಗ ಮನಶ್ಯಾ?" ಎಂದರು.

ರುದ್ರಪ್ಪ ಕೈಯಲ್ಲಿದ್ದ ಸೋಸಣಿಗೆ ಕೆಳಗಿಟ್ಟ. "ಕಮಾಲಸಾಹೇಬ್ರ? ಅವರ ಸುದ್ದಿ ಏನ ಕೇಳ್ತೀರ್ರಿ! ಬಂಗಾರದಂಥಾ ಮನಶ್ಯಾ. ಕೋಳಿ ಕೂಗೂದ್ರಾಗ ಮಿಲ್ಲಿನ್ಯಾಗ ಇರ್ತಾರ."

"ಮಿಲ್ಲಿನ್ಯಾಗ ಏನ ಮಾಡ್ತಾರ? ಕುಂತು ಮಾತಾಡ್ತಾರೇನು?"

"ಕುಂತು?" ರುದ್ರಪ್ಪನಿಗೆ ನೋವಾಯಿತು. "ಅವರು ಕುಂತಿದ್ದು ನಾ ಅಂತೂ ನೋಡಿಲ್ಲ. ಎತ್ತು ದುಡಧಂಗ ದುಡೀತಾರ್ರಿ ಯಪ್ಪಾ! ಇಗಾ, ಈ ಸ್ಟೋವ್ ಅವರ ರಿಪೇರಿ ಮಾಡಿದ್ದು. ಹಿಟ್ಟಿನ ಗಿರಣಿ ಕೆಟ್ಟಿತ್ತು, ಅದೂ ಅವರ. ದೊಡವಾಡ ಬಸ್ ದಾರ್ಯಾಗ ನಿಂತರ ಇಳದು ಬಸ್ಸಿನ ಬುಡಕ್ಕ ಹೊಕ್ಕವರು ಅವರು! ನಮ್ಮ ಮಂದ್ಯಾಗ ಅಂಥಾವ ಒಬ್ಬ ಇದ್ರ ಸಾಕಾಗಿತ್ತು. ಏನ್ರಿ ಮ್ಯಾನೇಜರ್ರ, ಖರೇ ಹೌದಲ್ಲೋ?"

ನಾನು ಬಾಯಿ ಹಾಕುವ ಹಾಗಿರಲಿಲ್ಲ. ತಲೆಯನ್ನು ಹೌದು-ಅಲ್ಲ ಎರಡೂ ಆಗುವ ಹಾಗೆ ಆಡಿಸಿದೆ. ಅಧಿಕಾರಿ ಏನನ್ನೋ ಬರೆದುಕೊಂಡರು. ರುದ್ರಪ್ಪ ಚಹದ ದುಡ್ಡು ತೆಗೆದುಕೊಳ್ಳದೆ, "ನೀವು ಯಾವೂರ ಪೈಕಿ ಅಂತ ಹೇಳಲೇ ಇಲ್ಲಲ್ರಿ. ಹುಡಿಗಿ ಎಷ್ಟು ಕಲತಾಳ?" ಎಂದು ಬಾಗಿಲವರೆಗೆ ಬಂದ. ಅಧಿಕಾರಿ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಣಿಯ ಕಡೆ ತಿರುಗಿದರು.

ಎರಡನೆಯ ಸಾಕ್ಷಿ ಹಾಜರಾಬಿ. ಕೆಮಾಲ್ ಬಾಡಿಗೆಗಿದ್ದ ಕೋಣೆಯ ಒಡತಿ, ವಯಸ್ಸಾದ ಹೆಂಗಸು, ಓಣಿಗೆಲ್ಲ ಚಾಚಿ. ಆಕೆಯಾದರೂ ಗದರಿ ಕಳಿಸಿಯಾಳು ಎಂದು ನನಗೆ ಸಣ್ಣ ಆಸೆ ಇತ್ತು. ಚಾಚಿ ಅಧಿಕಾರಿಯನ್ನು ಒಳಗೆ ಕರೆದು ಚಾಪೆ ಹಾಸಿದಳು.

"ಎಷ್ಟ ದಿವಸ ಇರ್ತಾರಂತ ಚಾಚಿ ಅವರು?" ಅಧಿಕಾರಿ ಕೇಳಿದರು.

"ಎಲ್ಲಿಗಿ ಹೋಗ್ತಾನ ಬಾಬಾ ಅಂವಾ? ಇಲ್ಲೇ ಇರ್ತಾನ. ನನ್ನ ಮಗನಕಿಂತಾ ಹೆಚ್ಚು ಅಂವಾ. ಜ್ವರ ಬಂದಾಗ ನೀರ ಜಗ್ಗಿ ಕೊಟ್ಟಾನ. ನಾ ಹೋಗಗೊಡೂದಿಲ್ಲ." ಆಮೇಲೆ ದನಿ ಇಳಿಸಿ, "ರಾಮದುರ್ಗದಾಗ ಒಂದು ಹೆಣ್ಣು ನೋಡೇನಿ. ಮನಿತನ ಚಲೋ ಐತಿ. ಅವಗ ಇನ್ನಾ ಹೇಳಿಲ್ಲ, ನೀ ಹೇಳಬ್ಯಾಡ" ಎಂದಳು.

ಆ ಮನುಷ್ಯನ ಒಂದೊಂದು ಒಳ್ಳೆಯ ಗುಣವೂ ಕಾಯದೆಯ ಪ್ರಕಾರ ಒಂದೊಂದು ಅಪರಾಧವಾಗುತ್ತ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಅವನು ಸೋಮಾರಿಯಾಗಿದ್ದರೆ, ಜಗಳಗಂಟನಾಗಿದ್ದರೆ, ಯಾವಾಗ ಈ ಊರು ಬಿಟ್ಟೇನೋ ಎಂದು ಬೈಯುತ್ತ ತಿರುಗಿದ್ದರೆ, ವೀಸಾ ಆವತ್ತೇ ಮುಂದುವರಿಯುತ್ತಿತ್ತು. ಓಣಿಯಲ್ಲಿ ಇನ್ನೂ ಒಂದೆರಡು ಬಾಗಿಲು ತಟ್ಟಿದರು. ಎಲ್ಲ ಕಡೆಯೂ ಬಂಗಾರ, ಎಲ್ಲ ಕಡೆಯೂ ಎತ್ತು. ಮಿಲ್ಲಿಗೆ ವಾಪಸು ನಡೆಯುವಾಗ, ಮನೆಯಲ್ಲಿ ಕುಳಿತು ಮಾಡಬಹುದಾದ ಉದ್ಯೋಗಗಳು ಯಾವುವು ಎಂದು ಯೋಚಿಸುತ್ತಿದ್ದೆ. ಉಪ್ಪಿನಕಾಯಿಯವರೆಗೆ ಬಂದಿದ್ದೆ.

ಪುಣ್ಯಕ್ಕೆ ಕರೆಂಟು ಇರಲಿಲ್ಲ. ಕೆಮಾಲ್ ಕುರ್ಚಿಯಲ್ಲೇ ಇದ್ದ, ಫೈಲು ತಲೆಕೆಳಗಾಗಿ ಹಿಡಿದಿದ್ದ. ಎದ್ದು ಕೈ ಮುಗಿದ. ಸಾವಕಾರರೂ ಎದ್ದು ನಿಂತರು. ಅಧಿಕಾರಿ ಕುಳಿತು ಅವನನ್ನು ಮೇಲಿಂದ ಕೆಳಗೆ ನೋಡಿದರು: ಇಸ್ತ್ರಿ ಅಂಗಿ, ತೊಳೆದ ಕೈ, ಕುರ್ಚಿ. ಆಮೇಲೆ ನನ್ನ ಕಡೆ ತಿರುಗಿದರು.

"ಮ್ಯಾನೇಜರ್ರ, ಒಂದ ಮಾತು. ನಮ್ಮ ತಂಗಿನ್ನ ಇದ ಊರಿಗಿ ಕೊಟ್ಟೇವಿ. ಕೊಡೂ ಮುಂದ ನಾನ ಬಂದು ಚಾದಂಗಡ್ಯಾಗ ಕುಂತು ವಿಚಾರ ಮಾಡಿದ್ದೆ. ವರ ಹೆಂಗ ಅಂದ್ರ, ಬಂಗಾರ ಅಂದ್ರು. ಎತ್ತಿನಂಗ ದುಡೀತಾನ ಅಂದ್ರು."

"ಹೌದ್ರಿ," ಎಂದೆ.

"ಇವತ್ತಿನ ತನಕಾ ಅಂವ ಹಾಸಿಗಿ ಬಿಟ್ಟು ಎದ್ದಿಲ್ಲ. ಹೋಗಿ ನೋಡ್ರಿ ಬೇಕಾದ್ರ, ಈಗೂ ಮಲಗಿರ್ತಾನ. ಈ ಊರ ಮಂದಿ ಎತ್ತು ಅಂದ್ರ ಏನಂತ ನನಗ ಗೊತ್ತಾಗೇತಿ." ಅವರು ಚೀಲ ತೆರೆದು, ಬರೆದ ಹಾಳೆಯನ್ನು ಹರಿದು, ಬೇರೆ ಹಾಳೆ ತೆಗೆದರು. "ಇಷ್ಟು ಹೊಗಳ್ಯಾರಂದ್ರ ಇವರು ಕೈಲೆ ಒಂದ ಕಡ್ಡೀನೂ ಮುಟ್ಟಿಲ್ಲ. ಕುಂತು ಮಾತಾಡೂದ ಅಷ್ಟ. ಹೌದಲ್ಲೋ?"

ಸಾವಕಾರರು ನನಗಿಂತ ಮುಂಚೆ, "ಬಾಳ ಮಾತಾಡ್ತಾರ್ರಿ ಸಾಹೇಬ್ರ. ತಲಿ ಚಿಟ್ಟ ಹಿಡದೈತಿ" ಎಂದರು.

"ಅಂದ್ರ ವ್ಯವಹಾರ ನಡದೈತಿ," ಎಂದು ಅಧಿಕಾರಿ ಬರೆದರು. ಚಾಚಿಯ ಹೆಣ್ಣಿನ ಬಗ್ಗೆ ಏನು ಬರೆದರೋ ನನಗೆ ತಿಳಿಯದು. ಬರೆಯಲಿಲ್ಲ ಎಂದೇ ಕಾಣುತ್ತದೆ.

ಅವರು ಗೇಟು ದಾಟಿ ಮೋಟಾರ್‌ಸೈಕಲ್ಲಿಗೆ ಒದೆಯುತ್ತಿದ್ದಾಗ ಆಫೀಸಿನ ಬಲ್ಬು ಹೊತ್ತಿಕೊಂಡಿತು. ಕೆಮಾಲ್ ಯಂತ್ರದ ಕಡೆ ಓಡಲು ಕುರ್ಚಿಯಿಂದ ಜಿಗಿದ. ನಾನು ಅವನ ಕೈಯನ್ನು ಕುಲುಕುವ ನೆಪದಲ್ಲಿ ಎರಡೂ ಕೈಯಿಂದ ಹಿಡಿದುಕೊಂಡೆ. ಆ ಮನುಷ್ಯನ ಕೈಯ ಬಲ ನನಗೆ ಆವತ್ತು ಸರಿಯಾಗಿ ತಿಳಿಯಿತು. ಅಧಿಕಾರಿ ಹಿಂತಿರುಗಿ, ಪರದೇಶದವರ ಸ್ನೇಹ ನೋಡಿ ನಕ್ಕು, ಹೋದರು. ಮೋಟಾರ್‌ಸೈಕಲ್ಲಿನ ಸಪ್ಪಳ ಪೂರ್ತಿ ಅಡಗಿದ ಮೇಲೆ ಕೈ ಬಿಟ್ಟೆ. ಕೆಮಾಲ್ ಇಸ್ತ್ರಿ ಅಂಗಿಯಲ್ಲೇ ಯಂತ್ರದ ಕೆಳಗೆ ಹೊಕ್ಕ.

ವೀಸಾ ಮುಂದುವರಿಯಿತು, ಯಂತ್ರ ಓಡಿತು, ಹತ್ತಿಯ ಗುಡ್ಡ ಕರಗಿತು. ಕೆಮಾಲ್ ಊರಿಗೆ ಹೋಗುವ ದಿನ ಚಾಚಿ ಅತ್ತಳು. ಮರುವರ್ಷ ಅವನ ಕಂಪನಿಯಿಂದ ಕರೆ ಬಂತು, ಇನ್ನೊಂದು ಯಂತ್ರ ನೋಡಲು ಮಿಲ್ಲಿನವರು ಯಾರಾದರೂ ಬನ್ನಿ ಎಂದು. ಸಾವಕಾರರಿಗೆ ವಿಮಾನದ ಭಯ. ನನ್ನನ್ನೇ ಹೋಗಲು ಹೇಳಿದರು. ನನ್ನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಪಾಸ್‌ಪೋರ್ಟಿಗೂ ಪೊಲೀಸರು ಓಣಿಯಲ್ಲಿ ವಿಚಾರಿಸುತ್ತಾರೆ ಎಂದು ತಿಳಿದಾಗ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಈ ಸಲ ತಪ್ಪು ಮಾಡಬಾರದೆಂದು ನಾನೇ ರುದ್ರಪ್ಪನ ಅಂಗಡಿಗೆ ಹೋಗಿ, ಗಿರಾಕಿಗಳು ಇಲ್ಲದ ಹೊತ್ತು ನೋಡಿ, "ರುದ್ರಪ್ಪಾ, ಯಾರರೆ ಬಂದು ನನ್ನ ಬಗ್ಗೆ ಕೇಳಿದ್ರ ದಯಮಾಡಿ ಹೊಗಳಬ್ಯಾಡೋ ಮಾರಾಯಾ" ಎಂದು ಕೈ ಮುಗಿದೆ.

ಅವನು ಬಹಳ ಪ್ರೀತಿಯಿಂದ, ನನ್ನ ಭುಜದ ಮೇಲೆ ಕೈ ಇಟ್ಟು, "ಅದರ ಚಿಂತಿ ಬಿಡ್ರಿ ಮ್ಯಾನೇಜರ್ರ. ನಿಮ್ಮ ಬಗ್ಗೆ ಹೊಗಳೂವಂಥಾದ್ದು ಏನೈತಿ?" ಎಂದ.

ಪಾಸ್‌ಪೋರ್ಟ್ ಬಂತು, ಯಾವ ತಕರಾರೂ ಇಲ್ಲದೆ. ಅಷ್ಟು ಬೇಗ ಬರಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.